ಮನೆಯ ಸಂಗೀತ ಸಂಗ್ರಹ ಹಾಲ್‌ನಲ್ಲಿ ಚೆನ್ನಾಗಿ ಕೇಳಬೇಕು: 420 ಸಿಡಿ, 150 ಕ್ಯಾಸೆಟ್, 10×14 ಅಡಿ ಕೋಣೆ

ಶ್ರುತಿಪೆಟ್ಟಿಗೆ

ನಮಸ್ಕಾರ. ಮನೆಯಲ್ಲಿರುವ ಸಂಗೀತವನ್ನೆಲ್ಲ ಒಂದೇ ಕಡೆ ಸೇರಿಸಿ, ಇಂಟರ್‌ನೆಟ್ಟಿನ ಹಂಗಿಲ್ಲದೆ, ಫೋನಿಂದ ಆರಿಸಿ ಹಾಲ್‌ನಲ್ಲಿ ಕೇಳುವ ವ್ಯವಸ್ಥೆ ಆಗಬೇಕು. ಇರುವ ಸರಕು: 420 ಸಿಡಿ (ಮುಕ್ಕಾಲು ಪಾಲು ಕರ್ನಾಟಕ, ಹಿಂದೂಸ್ತಾನಿ, ಮಿಕ್ಕಿದ್ದು ಭಾವಗೀತೆ, ಹಳೇ ಚಿತ್ರಗೀತೆ), 150 ಕ್ಯಾಸೆಟ್, ಒಂದು ಪೆನ್‌ಡ್ರೈವ್ ತುಂಬ ಎಂಪಿ3. ಹಾಲ್ 10×14 ಅಡಿ, ಎತ್ತರ 10 ಅಡಿ, ಆರ್‌ಸಿಸಿ ತಾರಸಿ, ವಿಟ್ರಿಫೈಡ್ ಟೈಲ್ಸ್. ಆಂಪ್ಲಿಫೈಯರ್ ಮತ್ತು ಒಂದು ಜೊತೆ ಬುಕ್‌ಶೆಲ್ಫ್ ಸ್ಪೀಕರ್ ಇವೆ. ದಿನಕ್ಕೆ ಒಂದೆರಡು ಸಲ ಕರೆಂಟ್ ಹೋಗುತ್ತೆ. ದುಡ್ಡು ಮೊದಲು ಯಾವುದಕ್ಕೆ ಹಾಕಬೇಕು, ಯಾವುದಕ್ಕೆ ಹಾಕಲೇಬಾರದು?

ನಾದತಂತು

ಮೊದಲು ಜಾಗದ ಲೆಕ್ಕ ಮಾಡಿ, ಅರ್ಧ ಗೊಂದಲ ಅಲ್ಲೇ ಹೋಗುತ್ತೆ. ಸಿಡಿ ಎಂದರೆ 16 ಬಿಟ್, 44.1 ಕಿಲೋಹರ್ಟ್ಸ್, ಸೆಕೆಂಡಿಗೆ 1411 ಕಿಲೋಬಿಟ್. ನಿಮಿಷಕ್ಕೆ ಸುಮಾರು 10 ಎಂಬಿ. ಫ್ಲ್ಯಾಕ್ (ಧ್ವನಿ ಒಂದಿಷ್ಟೂ ಕಳೆಯದೆ ಕುಗ್ಗಿಸುವ ಫೈಲ್ ರೂಪ) ಮಾಡಿದರೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತೆ. ಸಿಡಿಗೆ 300 ರಿಂದ 350 ಎಂಬಿ ಹಿಡಿದರೂ 420 ಸಿಡಿ 150 ಜಿಬಿ ದಾಟಲ್ಲ. ಕ್ಯಾಸೆಟ್‌ಗಳನ್ನು 24 ಬಿಟ್, 48 ಕಿಲೋಹರ್ಟ್ಸ್‌ನಲ್ಲಿ ತುಂಬಿಕೊಂಡರೆ ಗಂಟೆಗೆ ಸಂಕುಚಿಸದೆ ಸುಮಾರು 1 ಜಿಬಿ, ಅಂದರೆ ಒಂದು ಗಂಟೆಯ ಕ್ಯಾಸೆಟ್‌ಗಳಾದರೆ 150 ಜಿಬಿ ಆಸುಪಾಸು. 1 ಟಿಬಿ ಎಸ್‌ಎಸ್‌ಡಿ ಒಂದು, ಬ್ಯಾಕಪ್‌ಗೆ ಅಷ್ಟೇ ದೊಡ್ಡ ಹಾರ್ಡ್ ಡಿಸ್ಕ್ ಎರಡು. ನಾಲ್ಕು ಡಿಸ್ಕ್ ಹಿಡಿಸುವ ನ್ಯಾಸ್ (ನೆಟ್‌ವರ್ಕ್‌ಗೆ ಸೇರುವ ಡಿಸ್ಕ್ ಪೆಟ್ಟಿಗೆ) ನಿಮಗೆ ಬೇಡವೇ ಬೇಡ.

ಸಿಡಿಯಿಂದ ತೆಗೆಯುವ ಕೆಲಸವನ್ನು ಒಂದೇ ಸಲ, ಸರಿಯಾಗಿ ಮಾಡಿ. ವಿಂಡೋಸ್‌ನಲ್ಲಿ ಎಕ್ಸಾಕ್ಟ್ ಆಡಿಯೊ ಕಾಪಿ, ಮ್ಯಾಕ್‌ನಲ್ಲಿ ಎಕ್ಸ್‌ಎಲ್‌ಡಿ, ಲಿನಕ್ಸ್‌ನಲ್ಲಿ ವಿಪ್ಪರ್. ಮೂರೂ ಅಕ್ಯುರೇಟ್‌ರಿಪ್ ನೋಡುತ್ತವೆ, ಅಂದರೆ ಅದೇ ಸಿಡಿಯನ್ನು ಬೇರೆಯವರು ತೆಗೆದಾಗ ಬಂದ ಚೆಕ್‌ಸಮ್‌ಗೆ (ತಾಳೆ ನೋಡುವ ಸಂಖ್ಯೆ) ನಿಮ್ಮದನ್ನು ಹೋಲಿಸುತ್ತವೆ. ಹೋಲಿಕೆ ಕೂಡಬೇಕಾದರೆ ಡ್ರೈವ್‌ನ ರೀಡ್ ಆಫ್‌ಸೆಟ್ (ಓದು ಶುರುವಾಗುವ ಜಾಗದ ಹೊಂದಾಣಿಕೆ) ಸರಿ ಇರಬೇಕು (+6, +667 ಇವು ಸಾಮಾನ್ಯ, ನಿಮ್ಮ ಡ್ರೈವ್ ಮಾದರಿಯದ್ದನ್ನು ಪ್ರೋಗ್ರಾಮೇ ಹುಡುಕಿಕೊಡುತ್ತೆ). ಆಫ್‌ಸೆಟ್ ತಪ್ಪಿದ್ದರೆ ಕಿವಿಗೆ ಏನೂ ಗೊತ್ತಾಗಲ್ಲ, ಆದರೆ ಯಾವ ಸಿಡಿಯೂ ತಾಳೆಯಾಗಲ್ಲ.

ನಿಮ್ಮ ಸಂಗ್ರಹದಲ್ಲಿ ಇನ್ನೊಂದು ಸಮಸ್ಯೆ ಬರುತ್ತೆ. ಕಡಿಮೆ ಪ್ರತಿ ಅಚ್ಚಾದ ಕಚೇರಿ ಸಿಡಿಗಳು, ಭಾವಗೀತೆಯ ಸಿಡಿಗಳು ಆ ಡೇಟಾಬೇಸ್‌ನಲ್ಲಿ ಎಷ್ಟೋ ಸಲ ಇರುವುದಿಲ್ಲ. "ಸಿಕ್ಕಿಲ್ಲ" ಎಂದು ಬಂದರೆ ತಪ್ಪಾಗಿದೆ ಎಂದಲ್ಲ. ಅಂಥವಕ್ಕೆ ಟೆಸ್ಟ್ ಅಂಡ್ ಕಾಪಿ ಆರಿಸಿ: ಎರಡು ಸಲ ಓದಿ ಎರಡರ ಸಿಆರ್‌ಸಿ (ಇದೂ ತಾಳೆ ಸಂಖ್ಯೆಯೇ) ಒಂದೇ ಬಂದರೆ ನಂಬಬಹುದು. ಬೇರೆ ಬೇರೆ ಬಂದರೆ ಸಿಡಿಯನ್ನು ಮೆತ್ತಗಿನ ಬಟ್ಟೆಯಿಂದ ನಡುವಿನಿಂದ ಅಂಚಿಗೆ ಒರೆಸಿ (ಸುತ್ತುಸುತ್ತಾಗಿ ಒರೆಸಬೇಡಿ, ಗೀರು ಟ್ರ್ಯಾಕ್‌ನ ಉದ್ದಕ್ಕೂ ಬಿದ್ದರೆ ಸರಿಪಡಿಸುವ ಬಿಟ್‌ಗಳಿಗೂ ಎಟುಕಲ್ಲ), ಆಮೇಲೆ ಬೇರೆ ಡ್ರೈವ್‌ನಲ್ಲಿ ಪ್ರಯತ್ನಿಸಿ. ಒಂದು ಡ್ರೈವ್ ಓದದ್ದನ್ನು ಇನ್ನೊಂದು ಓದುವುದು ತೀರಾ ಸಾಮಾನ್ಯ.

ಫೈಲ್ ಫ್ಲ್ಯಾಕ್ ಆಗಿರಲಿ, ವೇವ್ (ಕುಗ್ಗಿಸದ ರೂಪ) ಬೇಡ. ಧ್ವನಿ ಎರಡರಲ್ಲೂ ಅದೇ. ಆದರೆ ವೇವ್‌ನಲ್ಲಿ ಟ್ಯಾಗ್‌ಗಳನ್ನು (ಫೈಲ್‌ನೊಳಗೆ ಬರೆದಿಡುವ ಹಾಡು, ಗಾಯಕರ ವಿವರ) ಒಂದೊಂದು ಪ್ಲೇಯರ್ ಒಂದೊಂದು ಥರ ಓದುತ್ತೆ. ಫ್ಲ್ಯಾಕ್ ತನ್ನೊಳಗಿನ ಧ್ವನಿಯ ಎಂಡಿ5 ಮೊತ್ತವನ್ನು (ಇನ್ನೊಂದು ಬಗೆಯ ತಾಳೆ ಸಂಖ್ಯೆ) ತಾನೇ ಹೊತ್ತಿರುತ್ತೆ. ಐದು ವರ್ಷ ಬಿಟ್ಟು ಫೈಲ್ ಕೆಟ್ಟಿದೆಯೋ ಇಲ್ಲವೋ ಎಂದು ಒಂದೇ ಕಮಾಂಡ್‌ನಲ್ಲಿ ಪರೀಕ್ಷಿಸಬಹುದು.

ಹದಿನಾರುಬಿಟ್

ಫ್ಲ್ಯಾಕ್‌ನ 0 ರಿಂದ 8 ರವರೆಗಿನ ಹಂತಗಳೆಲ್ಲ ಬಿಚ್ಚಿದಾಗ ಬಿಟ್ ಬಿಟ್ಟೂ ಒಂದೇ. 5ಕ್ಕೂ 8ಕ್ಕೂ ಗಾತ್ರದಲ್ಲೂ ಹೆಚ್ಚು ವ್ಯತ್ಯಾಸವಿಲ್ಲ. ತಲೆ ಕೆಡಿಸಿಕೊಳ್ಳಬೇಡಿ.

ಬೆಸುಗೆಕಡ್ಡಿ

ಯಂತ್ರದ ವಿಷಯಕ್ಕೆ ಬರೋಣ. ಕರೆಂಟ್ ಹೋಗಿ ಬರುವ ಮನೆಗೆ ರಾಸ್ಪ್‌ಬೆರಿ ಪೈ 4 ಎಂಬ ಅಂಗೈಯಷ್ಟು ಕಂಪ್ಯೂಟರ್ (2 ಜಿಬಿ ಸಾಕು), ಅದರಲ್ಲಿ ಪೈಕೋರ್‌ಪ್ಲೇಯರ್ ಎಂಬ ಸಂಗೀತದ ಸಾಫ್ಟ್‌ವೇರ್. ಕಾರಣ ಒಂದೇ: ಈ ವ್ಯವಸ್ಥೆ ಪೂರ್ತಿ ರ‍್ಯಾಮ್‌ಗೆ ಏರಿ ಅಲ್ಲೇ ಓಡುತ್ತೆ. ಪ್ಲಗ್ ಕಿತ್ತರೂ ಎಸ್‌ಡಿ ಕಾರ್ಡ್‌ನ ಮೂಲ ಫೈಲ್‌ಗಳು ಕೆಡುವುದು ಅಪರೂಪ. ಅದರಲ್ಲೇ ಲಿರಿಯಾನ್ ಮ್ಯೂಸಿಕ್ ಸರ್ವರ್ ಹಾಕಿಕೊಳ್ಳಬಹುದು; ಮುಂಚೆ ಲಾಜಿಟೆಕ್ ಮೀಡಿಯಾ ಸರ್ವರ್ ಅಂತಿದ್ದದ್ದು, 2024ರಲ್ಲಿ ಹೆಸರು ಬದಲಾಯಿತು. ಧ್ವನಿ ಹೊರಡಿಸುವ ಭಾಗ ಸ್ಕ್ವೀಝ್‌ಲೈಟ್.

ಹಾಕುವಾಗ ಎಡವುವ ಜಾಗ ಮೂರು. ಮೊದಲನೆಯದು, ಕಾರ್ಡ್‌ನ ಪಾರ್ಟಿಷನ್ ಹುಟ್ಟಾ ಚಿಕ್ಕದಾಗಿರುತ್ತೆ. ಮುಖ್ಯ ಪುಟದ ರೀಸೈಜ್ ಒತ್ತಿ ಹಿಗ್ಗಿಸದೆ ಸರ್ವರ್ ಹಾಕಲು ಹೋದರೆ ಜಾಗವಿಲ್ಲ ಎಂದು ನಡುವೆಯೇ ನಿಲ್ಲುತ್ತೆ. ಎರಡನೆಯದು, ಎಸ್‌ಎಸ್‌ಡಿ ಎನ್‌ಟಿಎಫ್‌ಎಸ್ ಅಥವಾ ಎಕ್ಸ್‌ಫ್ಯಾಟ್‌ನಲ್ಲಿದ್ದರೆ (ವಿಂಡೋಸ್‌ನ ಡಿಸ್ಕ್ ಫಾರ್ಮ್ಯಾಟ್‌ಗಳು) ಹೆಚ್ಚುವರಿ ಫೈಲ್ ಸಿಸ್ಟಂ ಪ್ಯಾಕೇಜ್ ಬೇಕು. ಅದಕ್ಕಿಂತ ಲಿನಕ್ಸ್‌ನ ಎಕ್ಸ್‌ಟಿ4ಗೇ ಫಾರ್ಮ್ಯಾಟ್ ಮಾಡಿ. ಎಕ್ಸ್‌ಫ್ಯಾಟ್‌ಗೆ ಜರ್ನಲ್ (ಬದಲಾವಣೆಗೆ ಮುಂಚೆ ಬರೆದಿಡುವ ಲೆಕ್ಕ) ಇಲ್ಲ, ಬರೆಯುತ್ತಿರುವಾಗ ಕರೆಂಟ್ ಹೋದರೆ ಫೋಲ್ಡರ್‌ಗಳೇ ಮಾಯವಾಗಬಹುದು. ಮೂರನೆಯದು, ಸೆಟ್ಟಿಂಗ್ ಬದಲಿಸಿದ ಮೇಲೆ ಸೇವ್ ಮಾಡದಿದ್ದರೆ ಮರುಚಾಲನೆಯಲ್ಲಿ ಹೋಗಿಬಿಡುತ್ತೆ. ರ‍್ಯಾಮ್‌ನಲ್ಲಿ ಓಡುವುದರ ಇನ್ನೊಂದು ಮುಖ ಅದು.

ಪವರ್‌ಗೆ ಫೋನ್ ಚಾರ್ಜರ್ ಬಳಸಬೇಡಿ. ಪೈ 4ಗೆ ಬೇಕಾದ್ದು 5.1 ವೋಲ್ಟ್, 3 ಆಂಪಿಯರ್. ಫೋನ್ ಚಾರ್ಜರ್ ಮತ್ತು ತೆಳ್ಳನೆಯ ಕೇಬಲ್ ಸೇರಿದರೆ ಎಸ್‌ಎಸ್‌ಡಿ ಎಳೆಯುವ ಹೊತ್ತಿಗೆ ವೋಲ್ಟೇಜ್ ಕುಸಿದು ಡಿಸ್ಕ್ ಕಳಚಿಕೊಳ್ಳುತ್ತೆ, ಹಾಡು ಅರ್ಧಕ್ಕೆ ನಿಲ್ಲುತ್ತೆ. ಎಲ್ಲರೂ ವೈಫೈ ದೂರುತ್ತಾರೆ, ತಪ್ಪು ಚಾರ್ಜರ್‌ದು. ನಾಲ್ಕೂ ಯುಎಸ್‌ಬಿ ಪೋರ್ಟ್ ಸೇರಿ ಪೈ 4 ಕೊಡುವುದು 1.2 ಆಂಪಿಯರ್ ಮಾತ್ರ. ಅದಕ್ಕೇ ಎಸ್‌ಎಸ್‌ಡಿ ಪೈಯಿಂದ ನಡೆಯಲಿ, ಡ್ಯಾಕ್‌ಗೆ (ಡಿಜಿಟಲ್ ಧ್ವನಿಯನ್ನು ಆಂಪ್ಲಿಫೈಯರ್‌ಗೆ ಬೇಕಾದ ಸಿಗ್ನಲ್ ಆಗಿ ಬದಲಿಸುವ ಪೆಟ್ಟಿಗೆ) ಬೇರೆ ಅಡಾಪ್ಟರ್ ಇರಲಿ.

ಪೈ 4ರ ಹೆಡ್‌ಫೋನ್ ಜ್ಯಾಕ್‌ನಿಂದ ಆಂಪ್ಲಿಫೈಯರ್‌ಗೆ ಕೊಡಬೇಡಿ, ಗುಣಮಟ್ಟ ಸಾಲದು. 2 ವೋಲ್ಟ್ ಔಟ್‌ಪುಟ್ ಇರುವ, ಯುಎಸ್‌ಬಿ ಆಡಿಯೊ ಕ್ಲಾಸ್ 2 ಪಾಲಿಸುವ ಸಾಧಾರಣ ಬೆಲೆಯ ಡ್ಯಾಕ್ ಸಾಕು. ಲಿನಕ್ಸ್‌ಗೆ ಡ್ರೈವರ್ ಹಾಕುವ ಕೆಲಸವೇ ಇಲ್ಲ. ದುಬಾರಿ ಯುಎಸ್‌ಬಿ ಕೇಬಲ್‌ಗೆ ಒಂದು ರೂಪಾಯಿಯೂ ಬೇಡ.

ಮಿನಿಪಿಸಿ

ಪೈ ಒಳ್ಳೆಯದೇ. ಆದರೆ ಅಡುಗೆಮನೆ, ಕಾರು, ಊರಾಚೆ ಎಲ್ಲ ಕಡೆ ಫೋನ್‌ನಲ್ಲೇ ಕೇಳಬೇಕು ಎಂದಾದರೆ ಎನ್100 ಪ್ರೊಸೆಸರ್‌ನ ಚಿಕ್ಕ ಪಿಸಿ, ಅದರಲ್ಲಿ ನ್ಯಾವಿಡ್ರೋಮ್ ಎಂಬ ಸಂಗೀತ ಸರ್ವರ್ ಉತ್ತಮ. ಸಬ್‌ಸಾನಿಕ್ ಭಾಷೆ ಮಾತಾಡುವ ಎಲ್ಲ ಆ್ಯಪ್‌ಗಳೂ ಅದಕ್ಕೆ ಸೇರುತ್ತವೆ. ಆಂಡ್ರಾಯ್ಡ್‌ನಲ್ಲಿ ಸಿಂಫೋನಿಯಂ ಚೆನ್ನಾಗಿದೆ. ಹಾಲ್‌ನಲ್ಲಿ ಮಾತ್ರ ಕೇಳುವುದಾದರೆ ಬೆಸುಗೆಕಡ್ಡಿಯವರು ಹೇಳಿದ್ದೇ ಸರಿ.

ರೂನ್ ಎಂಬ ಸಂಗೀತ ಸಾಫ್ಟ್‌ವೇರ್ ಬಗ್ಗೆ ಯಾರಾದರೂ ಹೇಳೇ ಹೇಳುತ್ತಾರೆ. ನೋಡಲು ಚೆಂದ, ಬಳಸಲು ಸಲೀಸು. ಆದರೆ ಅದರ ಸೊಗಸೆಲ್ಲ ನಿಂತಿರುವುದು ಆಲ್ಬಂ ಗುರುತು ಹಿಡಿಯುವುದರ ಮೇಲೆ. ಗುರುತೇ ಸಿಗದ ಕನ್ನಡದ, ಕರ್ನಾಟಕ ಸಂಗೀತದ ಸಿಡಿಗಳಿಗೆ ಚಂದಾ ಕಟ್ಟಿ ಪಡೆಯುವ ಲಾಭ ಕಡಿಮೆ.

ಶ್ರುತಿಪೆಟ್ಟಿಗೆ

ಪೈ, ಎಕ್ಸ್‌ಟಿ4 ಎಂದು ಬರೆದುಕೊಂಡೆ. ಟ್ಯಾಗ್ ಕನ್ನಡದಲ್ಲಿ ಹಾಕಬಹುದೇ? ರಾಗದಿಂದ ಹುಡುಕುವಂತಾಗಬೇಕು. "ಇವತ್ತು ಕಾಂಬೋಜಿ ಯಾರ್ಯಾರದ್ದಿದೆ" ಎಂದರೆ ಪಟ್ಟಿ ಬರಬೇಕು.

ಒತ್ತಕ್ಷರ

ಈ ಇಡೀ ಕೆಲಸದಲ್ಲಿ ಅತಿ ಹೆಚ್ಚು ಹೊತ್ತು ಬೇಡುವುದು, ಅಷ್ಟೇ ಫಲ ಕೊಡುವುದು ಇದೇ. ಡ್ಯಾಕ್ ಬದಲಿಸಿದರೆ ಕೇಳಿಸುವ ವ್ಯತ್ಯಾಸ ಕೂದಲೆಳೆಯಷ್ಟು. ಟ್ಯಾಗ್ ಸರಿ ಇಲ್ಲದಿದ್ದರೆ ಸಿಡಿ ಮನೆಯಲ್ಲಿದ್ದೂ ಇಲ್ಲದ ಹಾಗೆ. ಆದ್ದರಿಂದ ಸ್ವಲ್ಪ ಉದ್ದ ಬರೆಯುತ್ತೇನೆ.

ಕನ್ನಡದಲ್ಲಿ ಧಾರಾಳವಾಗಿ ಹಾಕಿ. ಫ್ಲ್ಯಾಕ್‌ನ ಟ್ಯಾಗ್‌ಗಳು ಯೂನಿಕೋಡ್‌ನ ಯುಟಿಎಫ್-8ರಲ್ಲೇ ಇರುತ್ತವೆ, ಉದ್ದದ ಮಿತಿ ಅಡ್ಡ ಬರಲ್ಲ. ಅಡ್ಡ ಬರುವುದು ಫೈಲ್ ಹೆಸರಿಗೆ. ಎಕ್ಸ್‌ಟಿ4ರಲ್ಲಿ ಒಂದು ಹೆಸರಿಗೆ 255 ಬೈಟ್ ಮಿತಿ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್. ಅಂದರೆ 85 ಸಂಕೇತ. ಕಾಗುಣಿತದ ಗುರುತು, ಒತ್ತಿನ ನಡುವಿನ ವಿರಾಮ ಎಲ್ಲವೂ ಒಂದೊಂದು ಸಂಕೇತವೇ. "ಸ್ತ್ರೀ" ಎಂಬ ಒಂದೇ ಅಕ್ಷರ ಆರು ಸಂಕೇತ, 18 ಬೈಟ್. ಕೃತಿ, ರಾಗ, ತಾಳ, ಗಾಯಕರ ಹೆಸರು ಎಲ್ಲ ಸೇರಿಸಿ ಫೈಲ್ ಹೆಸರು ಮಾಡಿದರೆ ನಕಲು ಮಾಡುವಾಗ "ಹೆಸರು ಉದ್ದವಾಯಿತು" ಎಂದು ನಿಲ್ಲುವುದು ಇದಕ್ಕೇ. ಫೈಲ್ ಹೆಸರು ಚಿಕ್ಕದಾಗಿ, ಬೇಕಾದರೆ ಅಂಕಿ ಮತ್ತು ಕೃತಿಯ ಮೊದಲ ಪದ ಮಾತ್ರ ಇರಲಿ. ವಿವರವೆಲ್ಲ ಟ್ಯಾಗ್‌ಗೆ ಹೋಗಲಿ.

ಇನ್ನು ಕಣ್ಣಿಗೆ ಕಾಣದ ತೊಂದರೆಗಳು. ಓತ್ವ ಇದೆಯಲ್ಲ, "ಕೋ". ಇದನ್ನು ಯೂನಿಕೋಡ್‌ನಲ್ಲಿ ಒಂದೇ ಗುರುತಾಗಿಯೂ ಬರೆಯಬಹುದು, ಎತ್ವ, ಕೊಂಬು, ದೀರ್ಘ ಎಂದು ಮೂರಾಗಿ ಒಡೆದೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ. ಕಂಪ್ಯೂಟರ್‌ಗೆ ಬೇರೆ ಬೇರೆ. ಹಳೆಯ ಮ್ಯಾಕ್‌ಗಳ ಎಚ್‌ಎಫ್‌ಎಸ್ ಪ್ಲಸ್ ಡಿಸ್ಕ್ ಫೈಲ್ ಹೆಸರನ್ನು ಒಡೆದ ರೂಪದಲ್ಲೇ ಇಡುತ್ತೆ. ಅಲ್ಲಿಂದ ಲಿನಕ್ಸ್‌ಗೆ ನಕಲು ಮಾಡಿದರೆ "ಕಾಂಬೋಜಿ" ಎಂಬ ಫೋಲ್ಡರ್ ಎರಡು ಕಾಣುತ್ತೆ, ಹುಡುಕಿದರೆ ಒಂದೇ ಸಿಗುತ್ತೆ. ಆರ್‌ಸಿಂಕ್ ಎಂಬ ನಕಲು ಮಾಡುವ ಪ್ರೋಗ್ರಾಂ ಬಳಸುವವರು ಐಕಾನ್ವ್ ಆಯ್ಕೆ ಕೊಟ್ಟು ಮ್ಯಾಕ್ ರೂಪದಿಂದ ಸಾಮಾನ್ಯ ರೂಪಕ್ಕೆ ಬದಲಿಸಿಕೊಳ್ಳಿ.

ಎರಡನೆಯದು ಹೆಸರಿನ ನಡುವೆ ಅವಿತಿರುವ ಕಾಣದ ಸಂಕೇತ. "ರಾಜ್‌ಕುಮಾರ್" ಎಂದು ಜಕಾರ ಬಿಡಿಯಾಗಿ ನಿಲ್ಲಬೇಕಾದರೆ ಅಲ್ಲೊಂದು ಶೂನ್ಯ ಅಗಲದ ಸಂಕೇತ ಇರಬೇಕು. ಅದನ್ನು ಬಿಟ್ಟರೆ "ರಾಜ್ಕುಮಾರ್" ಆಗುತ್ತೆ. "ರಾಜಕುಮಾರ್" ಎಂದು ಬರೆಯುವವರೂ ಇದ್ದಾರೆ. ಸರ್ವರ್ ದೃಷ್ಟಿಯಲ್ಲಿ ಮೂವರು ಗಾಯಕರು. "ಎಸ್. ಜಾನಕಿ", "ಎಸ್ ಜಾನಕಿ", "ಎಸ್.ಜಾನಕಿ" ಇದೇ ಪಾಡು. ಮದ್ದು ಒಂದೇ: ಕಲಾವಿದರ ಹೆಸರಿನ ಪಟ್ಟಿಯನ್ನು ಒಂದು ಸ್ಪ್ರೆಡ್‌ಶೀಟ್‌ನಲ್ಲಿ ಒಮ್ಮೆ ಬರೆದಿಡಿ. ಟ್ಯಾಗ್ ಹಾಕುವಾಗ ಟೈಪ್ ಮಾಡಲೇಬೇಡಿ, ಅಲ್ಲಿಂದಲೇ ಅಂಟಿಸಿ. ಎಂಪಿ3ಟ್ಯಾಗ್ ಎಂಬ ಪ್ರೋಗ್ರಾಂನಲ್ಲಿ ನೂರಾರು ಫೈಲ್ ಒಟ್ಟಿಗೆ ಆರಿಸಿ ಒಂದೇ ಸಲ ಬದಲಿಸಬಹುದು.

ಪೆನ್‌ಡ್ರೈವ್‌ನ ಎಂಪಿ3ಗಳಲ್ಲಿ ಹೆಸರು ಕಲಸಿದ ಇಂಗ್ಲಿಷ್ ಅಕ್ಷರಗಳಂತೆ ಕಂಡರೆ ಅದು ನುಡಿ ಅಥವಾ ಬರಹದ ಹಳೆಯ ಫಾಂಟ್ ಸಂಕೇತ. ಪರಿವರ್ತಕದಲ್ಲಿ ಹಾಕಿದರೆ ಯೂನಿಕೋಡ್ ಬರುತ್ತೆ. ಹೆಸರು ನಡುವೆ ಕತ್ತರಿಸಿದ್ದರೆ ಐಡಿ3ಯ ಮೊದಲ ಆವೃತ್ತಿ. ಅದರಲ್ಲಿ ಹೆಸರಿಗೆ 30 ಬೈಟ್ ಮಾತ್ರ ಜಾಗ. ಉಳಿದದ್ದು ಹೋಯಿತೆಂದೇ ಲೆಕ್ಕ, ಹೊಸದಾಗಿ ಬರೆಯಬೇಕು.

ರಾಗ. ಫ್ಲ್ಯಾಕ್‌ನಲ್ಲಿ ನಿಮಗೆ ಬೇಕಾದ ಹೆಸರಿನ ಟ್ಯಾಗ್ ಮಾಡಿಕೊಳ್ಳಬಹುದು: ರಾಗ, ತಾಳ, ಪ್ರಕಾರ. ವಾಗ್ಗೇಯಕಾರರನ್ನು ಕಂಪೋಸರ್ ಟ್ಯಾಗ್‌ಗೆ, ಪಕ್ಕವಾದ್ಯದವರನ್ನು ಪರ್ಫಾರ್ಮರ್‌ಗೆ ಹಾಕಿ. ಪಕ್ಕವಾದ್ಯದವರು ಮೂವರಿದ್ದರೆ ಟ್ಯಾಗ್ ಮೂರು ಸಲ ಬರಬೇಕು, ಅಲ್ಪವಿರಾಮ ಹಾಕಿ ಒಂದರಲ್ಲೇ ತುರುಕಬಾರದು. ಮಿನಿಮ್‌ಸರ್ವರ್ ಎಂಬ ಸಂಗೀತ ಸರ್ವರ್ ಯಾವ ಟ್ಯಾಗ್‌ನಿಂದ ಬೇಕಾದರೂ ಪಟ್ಟಿ ಕಟ್ಟುತ್ತೆ. ನ್ಯಾವಿಡ್ರೋಮ್‌ನ ಹೊಸ ಆವೃತ್ತಿಗಳಲ್ಲಿ ಸ್ವಂತ ಟ್ಯಾಗ್ ಘೋಷಿಸಿಕೊಂಡು ಸ್ಮಾರ್ಟ್ ಪ್ಲೇಲಿಸ್ಟ್ ಮಾಡಬಹುದು. ಎಲ್ಲ ಸರ್ವರ್‌ನಲ್ಲೂ ನಡೆಯುವ ಒಂದು ಉಪಾಯ ಬೇಕೆಂದರೆ, ರಾಗವನ್ನು ಝಾನ್ರ (ಸಂಗೀತದ ಬಗೆ) ಟ್ಯಾಗ್‌ಗೂ ಇನ್ನೊಂದು ಸಲ ಹಾಕಿ. ಝಾನ್ರ ಒತ್ತಿದರೆ ರಾಗಗಳ ಪಟ್ಟಿ, ಕಾಂಬೋಜಿ ಒತ್ತಿದರೆ ಇರುವಷ್ಟೂ ಕಾಂಬೋಜಿ.

ಎಚ್ಚರ ಬೇಕಾದ ಜಾಗ: ಹೆಸರು ಒಂದೇ, ರಾಗ ಬೇರೆ. ಕರ್ನಾಟಕದ ಭೈರವಿ 20ನೇ ಮೇಳ (ಮೂಲ ರಾಗ) ನಠಭೈರವಿಯ ಜನ್ಯ. ಹಿಂದೂಸ್ತಾನಿಯ ಭೈರವಿಯ ಸ್ವರಗಳು ನಮ್ಮ 8ನೇ ಮೇಳ ಹನುಮತೋಡಿಯವು. ನಮ್ಮ ತೋಡಿ ಒಂದು, ಅವರ ತೋಡಿ ನಮ್ಮ ಶುಭಪಂತುವರಾಳಿಯ ಹತ್ತಿರದ್ದು. ಎರಡೂ ಪದ್ಧತಿಯ ಸಿಡಿ ಇರುವ ನಿಮ್ಮಂಥವರು "ಭೈರವಿ (ಹಿಂ)" ಎಂದು ಬೇರೆ ಮಾಡದಿದ್ದರೆ ಪಟ್ಟಿಯಲ್ಲಿ ಮಲ್ಲಿಕಾರ್ಜುನ ಮನ್ಸೂರರೂ ಆರ್.ಕೆ. ಶ್ರೀಕಂಠನ್ ಅವರೂ ಒಂದೇ ರಾಗ ಹಾಡಿದಂತೆ ಕೂತುಬಿಡುತ್ತಾರೆ.

ನಾದತಂತು

ಒತ್ತಕ್ಷರ ಅವರ ಮಾತಿಗೆ ಒಂದು ಸೇರ್ಪಡೆ. ಕಚೇರಿಯ ಸಿಡಿಗಳಲ್ಲಿ ಆಲಾಪನೆ, ತಾನ, ಪಲ್ಲವಿ, ತನಿ ಆವರ್ತನ ಬೇರೆ ಬೇರೆ ಟ್ರ್ಯಾಕ್ ಆಗಿರುತ್ತವೆ, ನಡುವೆ ತಂಬೂರಿ ಮಾತ್ರ ನಿಲ್ಲದೆ ಹರಿಯುತ್ತಿರುತ್ತೆ. ಟ್ರ್ಯಾಕ್ ದಾಟುವಾಗ ಆ ಶ್ರುತಿ ಒಂದು ಕ್ಷಣ ಕಡಿದರೂ ಕಿವಿಗೆ ಚುಚ್ಚುತ್ತೆ. ಸ್ಕ್ವೀಝ್‌ಲೈಟ್ ಈ ಜೋಡಣೆಯನ್ನು ಕಡಿಯದೆ ಮಾಡುತ್ತೆ. ಡಿಎಲ್‌ಎನ್‌ಎ (ಮನೆಯ ನೆಟ್‌ವರ್ಕ್‌ನಲ್ಲಿ ಹಾಡು ಕಳಿಸುವ ಪದ್ಧತಿ) ಪ್ಲೇಯರ್ ಕೊಳ್ಳುವುದಿದ್ದರೆ ಮುಂದಿನ ಟ್ರ್ಯಾಕನ್ನು ಮೊದಲೇ ಪಡೆಯುವ ಸೌಲಭ್ಯ ಇದೆಯೇ ಕೇಳಿ. ಇಲ್ಲದಿದ್ದರೆ ಕಡಿತ ಖಚಿತ. ಧ್ವನಿಮಟ್ಟ ಸಮ ಮಾಡುವ ರೀಪ್ಲೇಗೇನ್ ಬಳಸಿದರೂ ಆಲ್ಬಂ ಮೋಡ್‌ನಲ್ಲೇ ಇಡಿ. ಟ್ರ್ಯಾಕ್ ಮೋಡ್‌ನಲ್ಲಿಟ್ಟರೆ ಮೆಲ್ಲಗಿನ ಆಲಾಪನೆ ಎತ್ತರಿಸಿ, ತನಿ ತಗ್ಗಿಸಿ, ಕಚೇರಿಯ ಏರಿಳಿತವೇ ಕೆಡುತ್ತೆ.

ಕರಾವಳಿಟೇಪು

ಕ್ಯಾಸೆಟ್ ವಿಷಯ ಯಾರೂ ಮುಟ್ಟಿಲ್ಲ. ಸಿಡಿ ಇನ್ನೂ ಹತ್ತು ವರ್ಷ ಕಾಯುತ್ತೆ, ಟೇಪು ಕಾಯಲ್ಲ. ಅದನ್ನೇ ಮೊದಲು ಮಾಡಿ.

ಪ್ರತಿ ಕ್ಯಾಸೆಟ್ಟನ್ನೂ ಬೆಳಕಿಗೆ ಹಿಡಿದು ಸುರುಳಿಯ ಅಂಚು ನೋಡಿ. ಬಿಳಿ ಪುಡಿಯಂತೆ, ಜೇಡರ ಬಲೆಯಂತೆ ಕಂಡರೆ ಬೂಷ್ಟು. ಅದನ್ನು ಒಳ್ಳೆಯ ಡೆಕ್‌ಗೆ ಹಾಕಬೇಡಿ, ಹೆಡ್‌ಗೆ ಮೆತ್ತಿ ಮುಂದಿನ ಕ್ಯಾಸೆಟ್‌ಗೂ ಹರಡುತ್ತೆ. ಮುಚ್ಚಿದ ಡಬ್ಬದಲ್ಲಿ ಸಿಲಿಕಾ ಜೆಲ್ ಜೊತೆ ವಾರ ಇಟ್ಟು ಒಣಗಿಸಿ. ಬಿಸಿಲಿಗೆ ಇಡಬೇಡಿ. ಮೂಗಿಗೆ ಮಾಸ್ಕ್ ಕಟ್ಟಿಕೊಂಡು, ಕೆಟ್ಟರೂ ಪರವಾಗಿಲ್ಲ ಎನ್ನುವ ಹಳೇ ಪ್ಲೇಯರ್‌ನಲ್ಲಿ ಟೇಪು ಮೆತ್ತನೆಯ ಒಣ ಬಟ್ಟೆಗೆ ಸವರಿಕೊಂಡು ಹೋಗುವಂತೆ ಒಂದು ಸಲ ಪೂರ್ತಿ ಸುತ್ತಿಸಿ.

ಆಮೇಲೆ ಬಾಯಿಯ ನಡುವೆ ಇರುವ ಚಿಕ್ಕ ಫೆಲ್ಟ್ ತುಂಡು ನೋಡಿ. ಹಳೆಯ ಅಂಟು ಬಿಟ್ಟು ಅದು ಉದುರಿರುತ್ತೆ. ಅದಿಲ್ಲದಿದ್ದರೆ ಟೇಪು ಹೆಡ್‌ಗೆ ಒತ್ತುವುದಿಲ್ಲ, ಧ್ವನಿ ಮಂಕಾಗಿ ತೇಲುತ್ತೆ. ಸ್ಕ್ರೂ ಇರುವ ಬೇರೆ ಕ್ಯಾಸೆಟ್‌ನ ಚಿಪ್ಪಿಗೆ ಸುರುಳಿ ವರ್ಗಾಯಿಸುವುದು ಸುಲಭದ ದಾರಿ.

ಡೆಕ್‌ನ ಹೆಡ್, ಕ್ಯಾಪ್‌ಸ್ಟನ್‌ಗಳನ್ನು (ಟೇಪು ಎಳೆಯುವ ಕಡ್ಡಿ) 99% ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ, ಐದು ಕ್ಯಾಸೆಟ್‌ಗೊಮ್ಮೆ. ಬಹುಮುಖ್ಯವಾದದ್ದು ಅಜಿಮತ್, ಅಂದರೆ ಹೆಡ್‌ನ ಓರೆ. ಹೆಡ್ ಪಕ್ಕದಲ್ಲಿ ಸ್ಪ್ರಿಂಗ್ ಇರುವ ಒಂದು ಸ್ಕ್ರೂ. ಎಡ, ಬಲ ಎರಡನ್ನೂ ಕೂಡಿಸಿ ಮೋನೊ ಮಾಡಿ, ಹೆಡ್‌ಫೋನ್‌ನಲ್ಲಿ ಕೇಳುತ್ತ ಅಯಸ್ಕಾಂತವಲ್ಲದ ಸಣ್ಣ ಸ್ಕ್ರೂಡ್ರೈವರ್‌ನಿಂದ ಕಾಲು ಸುತ್ತಿನೊಳಗೇ ಅತ್ತಿತ್ತ ತಿರುಗಿಸಿ. ತಾಳದ ಕಿಣಿ, ತಂಬೂರಿಯ ಝೇಂಕಾರ ಅತಿ ಸ್ಪಷ್ಟವಾಗಿ ಕೇಳುವ ಬಿಂದು ಒಂದು ಇರುತ್ತೆ, ಅದರ ಎರಡೂ ಪಕ್ಕ ಮಬ್ಬು. ಒಂದೊಂದು ಕ್ಯಾಸೆಟ್ ಒಂದೊಂದು ಯಂತ್ರದಲ್ಲಿ ತುಂಬಿದ್ದು. ಒಂದೊಂದಕ್ಕೂ ಇದನ್ನು ಮಾಡಬೇಕು. ತುಂಬಿದ ಮೇಲೆ ಟ್ರೆಬಲ್ ಎತ್ತಿ ಸರಿ ಮಾಡುತ್ತೇನೆ ಎಂದರೆ ಆಗಲ್ಲ, ಕಳೆದದ್ದು ಬರುವುದಿಲ್ಲ, ಹಿಸ್ (ಟೇಪಿನ ಸುಯ್ ಸದ್ದು) ಮಾತ್ರ ಏರುತ್ತೆ.

ಡೆಕ್‌ನ ವೇಗ 3150 ಹರ್ಟ್ಸ್ ಪರೀಕ್ಷಾ ಟೇಪಿನಿಂದ ನೋಡಿ. 6% ಹೆಚ್ಚು ಓಡಿದರೆ ಶ್ರುತಿ ಅರ್ಧ ಸ್ವರವೇ ಏರಿರುತ್ತೆ. ಬೆಲ್ಟ್ ಸಡಿಲವಿದ್ದರೆ ತಂಬೂರಿ ಕೇಳಿ: ಶ್ರುತಿ ನಿಂತ ನೀರಿನ ಹಾಗಿರಬೇಕು, ಅಲೆ ಎದ್ದರೆ ಮೊದಲು ಬೆಲ್ಟ್ ಬದಲಿಸಿ.

ತುಂಬುವ ಮಟ್ಟ: 24 ಬಿಟ್, ಅತಿ ಜೋರಾದ ಜಾಗ ಮೈನಸ್ 6 ಡೆಸಿಬೆಲ್ ಮೀರಬಾರದು. ಹಿಸ್ ತೆಗೆಯುವ ಸಾಫ್ಟ್‌ವೇರ್ ಬಳಸುವುದಾದರೆ ಮೂಲ ಪ್ರತಿ ಹಾಗೇ ಇಟ್ಟು ನಕಲಿನ ಮೇಲೆ ಮಾತ್ರ. ಅದು ಹಿಸ್ ಜೊತೆ ತಂಬೂರಿಯ ಮೇಲಿನ ಎಳೆಗಳನ್ನೂ ತಿಂದುಹಾಕುತ್ತೆ.

ಹದಿನಾರುಬಿಟ್

48 ಕಿಲೋಹರ್ಟ್ಸ್ ಸಾಕೇ, 96ರಲ್ಲಿ ತುಂಬಿಕೊಳ್ಳಬೇಕೇ ಎಂದು ಕೇಳುವವರಿಗೆ: ಕ್ಯಾಸೆಟ್‌ನಲ್ಲಿ 20 ಕಿಲೋಹರ್ಟ್ಸ್ ಮೇಲೆ ಸಂಗೀತ ಇಲ್ಲ. 48 ಸಾಕು. ಇರುವ ಸಿಡಿಗಳನ್ನು 192ಕ್ಕೆ ಏರಿಸಿಟ್ಟುಕೊಳ್ಳುವುದೂ ಬರೀ ಜಾಗದ ವ್ಯಯ.

ಗೋಡೆಕೋಣೆ

ದುಡ್ಡು ಎಲ್ಲಿ ಹಾಕಬೇಕು ಎಂಬ ಪ್ರಶ್ನೆಗೆ ನನ್ನ ಉತ್ತರ: ಕೋಣೆಗೆ. ನಿಮ್ಮ ಹಾಲ್‌ನ ಅಗಲ 10 ಅಡಿ, ಎತ್ತರವೂ 10 ಅಡಿ. 3.05 ಮೀಟರ್‌ಗೆ ಅನುರಣನ ಬರುವುದು 56 ಹರ್ಟ್ಸ್‌ನಲ್ಲಿ. ಅಗಲದ್ದೂ ಎತ್ತರದ್ದೂ ಒಂದೇ ಕಡೆ ಬಿದ್ದು ಇಮ್ಮಡಿಯಾಗುತ್ತೆ. 14 ಅಡಿಯದ್ದು 40 ಹರ್ಟ್ಸ್. ಇಟ್ಟಿಗೆ ಗೋಡೆ, ಆರ್‌ಸಿಸಿ ತಾರಸಿ ಕೆಳದನಿಯನ್ನು ಹೊರಗೆ ಬಿಡದೆ ಪೂರ್ತಿ ವಾಪಸ್ ಕೊಡುತ್ತವೆ. ಮೃದಂಗದ ಎಡದ ಗುಮ್ಕಿ ಬಾಗಿ ಇಳಿಯುವ ಬದಲು ಒಂದೇ "ಗುಂ" ಆಗಿ ನಿಲ್ಲುವುದು ಇದರಿಂದ.

ಸ್ಪೀಕರ್‌ಗಳನ್ನು 10 ಅಡಿಯ ಗೋಡೆಯ ಕಡೆ ಇಡಿ, ಉದ್ದಕ್ಕೆ ಹೊಡೆಯಲಿ. ನೀವು ಹಿಂದಿನ ಗೋಡೆಗೆ ಒರಗಿ ಕೂರಬಾರದು. ಅದರಿಂದ 5 ಅಡಿ ಮುಂದೆ. ಸ್ಪೀಕರ್ ಗೋಡೆಯಿಂದ ಎಷ್ಟು ದೂರ ಎಂಬುದಕ್ಕೂ ಲೆಕ್ಕವಿದೆ. ವೂಫರ್ ಮುಖದಿಂದ ಗೋಡೆಗೆ 60 ಸೆಂಟಿಮೀಟರ್ ಇದ್ದರೆ, ಹಿಂದೆ ಹೋಗಿ ಬಡಿದು ಬಂದ ಅಲೆ 143 ಹರ್ಟ್ಸ್ ಬಳಿ ನೇರ ಅಲೆಯನ್ನು ಕಳೆಯುತ್ತೆ. ಅದು ಸಿ ಶಾರ್ಪ್, ಡಿ ಶ್ರುತಿಯಲ್ಲಿ ಹಾಡುವ ಗಂಡುದನಿಯ ಆಧಾರ ಷಡ್ಜದ ಜಾಗ! ಗಾಯಕರ ದನಿ ತೆಳ್ಳಗೆ ಕೇಳಿದರೆ ಡ್ಯಾಕ್ ಬದಲಿಸುವ ಮುಂಚೆ ಸ್ಪೀಕರ್ ಒಂದು ಗೇಣು ಸರಿಸಿ ನೋಡಿ. 1 ಮೀಟರ್‌ಗೆ ತಂದರೆ ಆ ತಗ್ಗು 86 ಹರ್ಟ್ಸ್‌ಗೆ ಇಳಿಯುತ್ತೆ.

ನೆಲಕ್ಕೆ ದಪ್ಪ ಜಮಖಾನ ಹಾಕಿದರೆ ಚಪ್ಪಾಳೆಯ ಟಣಟಣ ಹೋಗುತ್ತೆ, ಕೆಳದನಿಗೆ ಅದರಿಂದ ಏನೂ ಆಗದು. ಹಿಂದಿನ ಗೋಡೆಗೆ, ಮೂಲೆಗಳಿಗೆ ರಾಕ್‌ವೂಲ್ (ಕಲ್ಲಿನ ಎಳೆಗಳಿಂದ ಮಾಡಿದ ಹಲಗೆ) ಬೇಕು: ಘನಮೀಟರ್‌ಗೆ 48 ಕಿಲೋ ಸಾಂದ್ರತೆ, 100 ಮಿಲಿಮೀಟರ್ ದಪ್ಪ, ಮರದ ಚೌಕಟ್ಟಿಗೆ ಕೂರಿಸಿ ಗಾಳಿಯಾಡುವ ಬಟ್ಟೆ ಸುತ್ತಿ, ಗೋಡೆಯಿಂದ 4 ಇಂಚು ಬಿಟ್ಟು ನಿಲ್ಲಿಸಿ. ಬಟ್ಟೆಯ ಮೇಲೆ ಬಾಯಿಂದ ಊದಿದರೆ ಉಸಿರು ಆಚೆ ಬರಬೇಕು, ಅದೇ ಪರೀಕ್ಷೆ. ಮೊಟ್ಟೆ ಟ್ರೇ ಅಂಟಿಸುವುದರಿಂದ ಪ್ರಯೋಜನವಿಲ್ಲ.

ಉಳಿದದ್ದಕ್ಕೆ ಅಳತೆ. ಯುಎಂಐಕೆ-1 ಮೈಕ್, ರೂಮ್ ಇಕ್ಯು ವಿಝಾರ್ಡ್ ಎಂಬ ಉಚಿತ ಸಾಫ್ಟ್‌ವೇರ್. ಕೂರುವ ಜಾಗದ ಸುತ್ತ ಆರು ಕಡೆ ಅಳೆದು ಸರಾಸರಿ ತೆಗೆಯಿರಿ. 250 ಹರ್ಟ್ಸ್‌ನಿಂದ ಕೆಳಗಿನ ಉಬ್ಬುಗಳನ್ನು ಮಾತ್ರ ತಗ್ಗಿಸಿ. ತಗ್ಗುಗಳನ್ನು ಎತ್ತಲು ಹೋಗಬೇಡಿ. ಅಲೆಗಳು ಒಂದನ್ನೊಂದು ಕಳೆಯುವ ಜಾಗಕ್ಕೆ ಎಷ್ಟು ಸುರಿದರೂ ತುಂಬದು, ಆಂಪ್ಲಿಫೈಯರ್ ಮಾತ್ರ ದಣಿಯುತ್ತೆ. ಬಂದ ಫಿಲ್ಟರ್‌ಗಳನ್ನು ಪೈಯಲ್ಲಿಯೇ ಕ್ಯಾಮಿಲ್ಲಾಡಿಎಸ್‌ಪಿ ಎಂಬ ಸಾಫ್ಟ್‌ವೇರ್ ಮೂಲಕ ಓಡಿಸಬಹುದು.

ಬೆಸುಗೆಕಡ್ಡಿ

ಗೋಡೆಕೋಣೆ ಅವರ ಮಾತಿಗೆ ನನ್ನ ಒಪ್ಪಿಗೆ ಇದೆ. ಒಂದೇ ತಕರಾರು: ಎಲ್ಲರ ಮನೆಯ ಹಾಲ್‌ನಲ್ಲೂ ಸ್ಪೀಕರನ್ನು 1 ಮೀಟರ್ ಮುಂದೆ ತಂದು ನಿಲ್ಲಿಸಲಾಗದು, ಓಡಾಡುವ ದಾರಿ ಅದು. ಹಾಗಿದ್ದರೆ ನಡುವಿನ ದೂರ ಬಿಟ್ಟು ತೀರ ಗೋಡೆಗೇ ತಳ್ಳಿ. 20 ಸೆಂಟಿಮೀಟರ್‌ನಲ್ಲಿ ಆ ತಗ್ಗು 430 ಹರ್ಟ್ಸ್ ಹತ್ತಿರ ಹೋಗುತ್ತೆ, ಅಲ್ಲಿ 2 ಇಂಚು ರಾಕ್‌ವೂಲ್ ಕೂಡ ಕೆಲಸ ಮಾಡುತ್ತೆ. ಗೋಡೆಯಿಂದ ಏರಿದ ಕೆಳದನಿಯನ್ನು ಫಿಲ್ಟರ್‌ನಲ್ಲಿ ತಗ್ಗಿಸಿ. ಹಿಂದೆ ತೂತಿರುವ ಸ್ಪೀಕರ್ ಆದರೆ ತೂತಿಗೂ ಗೋಡೆಗೂ 10 ಸೆಂಟಿಮೀಟರ್ ಆದರೂ ಬಿಡಿ.

ಗೋಡೆಕೋಣೆ

ಸರಿ. ಕೆಟ್ಟದ್ದು ನಡುವಿನದು, 40 ರಿಂದ 80 ಸೆಂಟಿಮೀಟರ್.

ಶ್ರುತಿಪೆಟ್ಟಿಗೆ

ಪೈ, ಡ್ಯಾಕ್, ಎಸ್‌ಎಸ್‌ಡಿ ಜೋಡಿಸಿದ್ದಾಯಿತು. ಮೂರು ತೊಂದರೆ. (1) ಫೋನ್ ಆ್ಯಪ್‌ಗೆ ಪ್ಲೇಯರ್ ಕಾಣುತ್ತಿಲ್ಲ. ಕೇಬಲ್ ಕಂಪನಿಯ ರೂಟರ್ ಒಂದು, ಹಾಲ್‌ನಲ್ಲಿ ಇನ್ನೊಂದು ರೂಟರ್ ಇದೆ. (2) ಸಿಡಿಯ ಹಾಡಿನಿಂದ ಕ್ಯಾಸೆಟ್‌ನ ಹಾಡಿಗೆ ಹೋದರೆ ಮೊದಲ ಅರ್ಧ ಸೆಕೆಂಡ್ ಬರುವುದಿಲ್ಲ. (3) ಟೇಪ್ ಡೆಕ್‌ನಿಂದ ತುಂಬಿಕೊಳ್ಳಲು ಲ್ಯಾಪ್‌ಟಾಪನ್ನೂ ಆಂಪ್ಲಿಫೈಯರ್‌ಗೆ ಸಿಕ್ಕಿಸಿದಾಗ ಗುಂಯ್ ಎಂಬ ಸದ್ದು.

ಸ್ವಿಚ್ಚುಗಾರ

ಮೊದಲನೆಯದು: ಎರಡನೇ ರೂಟರ್ ತನ್ನದೇ ಬೇರೆ ನೆಟ್‌ವರ್ಕ್ ಮಾಡಿಕೊಂಡಿದೆ. ಫೋನ್ ಒಂದು ಬದಿ, ಪೈ ಇನ್ನೊಂದು ಬದಿ. ಹುಡುಕುವ ಕರೆ ಆಚೆ ದಾಟುವುದಿಲ್ಲ. ಎರಡನೆಯದನ್ನು ಆ್ಯಕ್ಸೆಸ್ ಪಾಯಿಂಟ್ ಮೋಡ್‌ಗೆ ಹಾಕಿ. ಆ ಮೋಡ್ ಇಲ್ಲದಿದ್ದರೆ ಅದರ ಡಿಎಚ್‌ಸಿಪಿ (ವಿಳಾಸ ಹಂಚುವ ಸೌಲಭ್ಯ) ಆಫ್ ಮಾಡಿ, ಮೊದಲ ರೂಟರ್‌ನ ಸಾಲಿನಲ್ಲೇ ಖಾಲಿ ಇರುವ ವಿಳಾಸ ಕೊಟ್ಟು, ಕೇಬಲನ್ನು ವ್ಯಾನ್ ತೂತಿನಿಂದ ಕಿತ್ತು ಲ್ಯಾನ್ ತೂತಿಗೆ ಹಾಕಿ. ಗೆಸ್ಟ್ ವೈಫೈಯಲ್ಲಿ ಫೋನ್ ಇದ್ದರೂ ಹೀಗೇ ಆಗುತ್ತೆ. ಪೈಗೆ ರೂಟರ್‌ನಲ್ಲಿ ವಿಳಾಸ ಕಾಯ್ದಿರಿಸಿ, ಇಲ್ಲದಿದ್ದರೆ ಕರೆಂಟ್ ಹೋಗಿ ಬಂದಾಗ ವಿಳಾಸ ಬದಲಾಗಬಹುದು. ಆಗುವುದಾದರೆ ಪೈಗೆ ಕ್ಯಾಟ್6 ತಂತಿಯನ್ನೇ ಎಳೆಯಿರಿ. 24 ಬಿಟ್, 192 ಕಿಲೋಹರ್ಟ್ಸ್‌ಗೂ ಬೇಕಾದದ್ದು ಸೆಕೆಂಡಿಗೆ 9.2 ಮೆಗಾಬಿಟ್ ಮಾತ್ರ, ವೈಫೈಗೆ ಅದು ಭಾರವಲ್ಲ. ಆದರೆ ಇಟ್ಟಿಗೆ ಗೋಡೆ ಎರಡು ದಾಟಿದ 5 ಗಿಗಾಹರ್ಟ್ಸ್ ಸಿಗ್ನಲ್ ನಡುನಡುವೆ ಕಡಿಯುತ್ತೆ.

ಬೆಸುಗೆಕಡ್ಡಿ

ಎರಡನೆಯದು: 44.1ರಿಂದ 48ಕ್ಕೆ ಬದಲಾಗುವಾಗ ಡ್ಯಾಕ್ ತನ್ನ ಗಡಿಯಾರ ಬದಲಿಸಿ ಬೀಗ ಹಾಕಿಕೊಳ್ಳಲು ಸ್ವಲ್ಪ ಹೊತ್ತು ಹಿಡಿಯುತ್ತೆ, ಅಷ್ಟರಲ್ಲಿ ಹಾಡು ಶುರುವಾಗಿರುತ್ತೆ. ಸ್ಕ್ವೀಝ್‌ಲೈಟ್ ಸೆಟ್ಟಿಂಗ್‌ನಲ್ಲಿ ಮಾದರಿ ದರ ಕೊಡುವ ಜಾಗದಲ್ಲಿ, ದರಗಳ ಕೊನೆಯಲ್ಲಿ ಕೋಲನ್ ಹಾಕಿ 500 (ಮಿಲಿಸೆಕೆಂಡ್) ಬರೆಯಿರಿ. ದರ ಬದಲಾದಾಗ ಮಾತ್ರ ಅರ್ಧ ಸೆಕೆಂಡ್ ತಡೆದು ಶುರು ಮಾಡುತ್ತೆ. ಸಾಲದಿದ್ದರೆ 1000. ಅಲ್ಲೇ ಔಟ್‌ಪುಟ್ ಆರಿಸುವಾಗ ಡ್ಯಾಕ್‌ನ ಕಾರ್ಡ್ ಹೆಸರಿನಿಂದ ಆರಿಸಿ, ಸಂಖ್ಯೆಯಿಂದ ಬೇಡ. ಮರುಚಾಲನೆಯಲ್ಲಿ ಕಾರ್ಡ್ ಸಂಖ್ಯೆ ಅದಲುಬದಲಾಗಿ ಧ್ವನಿಯೇ ಬಾರದೆ ಹೋಗುತ್ತೆ.

ಮೂರನೆಯದು: ಮೊದಲು ಲ್ಯಾಪ್‌ಟಾಪ್‌ನ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಓಡಿಸಿ. ಸದ್ದು ನಿಂತರೆ ಕಾರಣ ನೆಲತಂತಿಯ ದಾರಿ. ಲ್ಯಾಪ್‌ಟಾಪ್, ಪೈ, ಆಂಪ್ಲಿಫೈಯರ್ ಮೂರನ್ನೂ ಒಂದೇ ಗೋಡೆ ಸಾಕೆಟ್‌ನಿಂದ ಬಂದ ಒಂದೇ ಎಕ್ಸ್‌ಟೆನ್ಷನ್ ಬೋರ್ಡ್‌ಗೆ ಹಾಕಿ ನೋಡಿ. ಆ ಸಾಕೆಟ್‌ನ ಮೂರನೇ ತೂತಿಗೆ ಅರ್ಥ್ ನಿಜವಾಗಿ ಇದೆಯೇ ಎಂದು ಎಲೆಕ್ಟ್ರಿಷಿಯನ್ ಹತ್ತಿರ ಪರೀಕ್ಷೆ ಮಾಡಿಸಿ. ಹಳೆಯ ಮನೆಗಳಲ್ಲಿ ತೂತು ಇರುತ್ತೆ, ತಂತಿ ಇರಲ್ಲ. ಲೋಹದ ಮೈ ಮುಟ್ಟಿದರೆ ಜುಮ್ ಎನ್ನುವುದು ಅದರ ಗುರುತು. ಸದ್ದು ನಿಲ್ಲಲಿ ಎಂದು ಯಾವ ಕಾರಣಕ್ಕೂ ಅರ್ಥ್ ಪಿನ್ ಮುರಿಯಬೇಡಿ, ಆಂಪ್ಲಿಫೈಯರ್‌ನ ಮೈಗೆ ಕರೆಂಟ್ ಬಂದರೆ ಅದು ಇಳಿಯಲು ಬೇರೆ ದಾರಿ ನಿಮ್ಮ ಕೈಯೇ.

ಶ್ರುತಿಪೆಟ್ಟಿಗೆ

ಚಾರ್ಜರ್ ಕಿತ್ತ ತಕ್ಷಣ ಸದ್ದು ನಿಂತಿತು. ರೂಟರ್ ಬದಲಾಯಿಸಿದ ಮೇಲೆ ಪ್ಲೇಯರ್ ಕಾಣುತ್ತಿದೆ, 500 ಹಾಕಿದ್ದೂ ಫಲ ಕೊಟ್ಟಿತು. ಅರ್ಥ್ ಪರೀಕ್ಷೆಗೆ ಎಲೆಕ್ಟ್ರಿಷಿಯನ್‌ಗೆ ಹೇಳಿದ್ದೇನೆ. ಎರಡು ಬ್ಯಾಕಪ್ ಡಿಸ್ಕ್ ಎಂದಿರಲ್ಲ, ಎರಡನ್ನೂ ಪೈಗೇ ಸಿಕ್ಕಿಸಿ ಬಿಡಬಹುದೇ?

ಕರಾವಳಿಟೇಪು

ಬೇಡ. ಮುಂಗಾರಿಗೆ ಮುಂಚಿನ ಸಿಡಿಲಿಗೆ ಒಂದೇ ಬೋರ್ಡ್‌ನಲ್ಲಿರುವುದೆಲ್ಲ ಒಟ್ಟಿಗೆ ಹೋಗುತ್ತೆ. ರೂಟರ್‌ನ ತಂತಿಯಿಂದಲೂ ಬರುತ್ತೆ, ಹಾಗಾಗಿ ಗುಡುಗು ಶುರುವಾದರೆ ಪ್ಲಗ್ ಜೊತೆ ನೆಟ್‌ವರ್ಕ್ ಕೇಬಲನ್ನೂ ಕಿತ್ತುಬಿಡಿ. ಒಂದು ಡಿಸ್ಕ್ ಬೀರುವಿನಲ್ಲಿ, ಇನ್ನೊಂದು ಬೇರೆ ಊರಿನ ನೆಂಟರ ಮನೆಯಲ್ಲಿ. ಕ್ಯಾಸೆಟ್ ತುಂಬಿದ ವಾರವೇ ಬೀರುವಿನದ್ದಕ್ಕೆ ನಕಲು ಮಾಡಿ. ಊರಿಗೆ ಹೋದಾಗಲೆಲ್ಲ ಎರಡನ್ನೂ ಅದಲುಬದಲು ಮಾಡಿ, ತಂದದ್ದರ ಮೇಲೆ ನಾದತಂತು ಹೇಳಿದ ಫ್ಲ್ಯಾಕ್ ಪರೀಕ್ಷೆ ಓಡಿಸಿ. ತಪ್ಪು ತೋರಿಸಿದ ಫೈಲನ್ನು ಇನ್ನೊಂದು ಡಿಸ್ಕ್‌ನಿಂದ ತಂದು ಹಾಕಿ.